ಟೇಬಲ್ ಸಾ ಸ್ವಿಚ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವುದು ಹೇಗೆ

ಟೇಬಲ್ ಸಾ, ಅಂದರೆ ಮೇಜಿನ ಸೀಳಿನಿಂದ ಮೇಲೆ ಬಂದ ಬ್ಲೇಡ್‌ನಲ್ಲಿ ಮರ ಕುಯ್ಯುವ ಮಷೀನ್, ನಿಂತುಹೋದರೆ ಪಕ್ಕದಲ್ಲಿ ಇರುವವರಲ್ಲಿ ಒಬ್ಬರಾದರೂ ಹೇಳುತ್ತಾರೆ: "ಸ್ವಿಚ್ ಹೋಗಿದೆ, ಡೈರೆಕ್ಟ್ ಕೊಟ್ಬಿಡಿ." ಎರಡು ತಂತಿ ಸೇರಿಸಿ ಟೇಪ್ ಸುತ್ತಿದರೆ ಮಷೀನ್ ಓಡುತ್ತದೆ, ನಿಜ. ಆದರೆ ನಿಲ್ಲಿಸಬೇಕಾದಾಗ ಏನು ಮಾಡುತ್ತೀರಿ? ಕೈ ಪಕ್ಕದಲ್ಲೇ ಬ್ಲೇಡ್ ತಿರುಗುವ ಮಷೀನ್‌ನಲ್ಲಿ ಸ್ವಿಚ್‌ನ ದೊಡ್ಡ ಕೆಲಸ ಶುರು ಮಾಡುವುದಲ್ಲ, ನಿಲ್ಲಿಸುವುದು. ಹಾಗಾಗಿ ಶುರುವಾಗದ ಸ್ವಿಚ್ ತಲೆನೋವು ಅಷ್ಟೇ, ನಿಲ್ಲದ ಸ್ವಿಚ್ ಅಪಾಯ. ಈ ಕೈಪಿಡಿಯಲ್ಲಿ ಎಲ್ಲೂ ಡೈರೆಕ್ಟ್ ಕೊಡುವ ದಾರಿ ಹೇಳಿಲ್ಲ.

ನಮ್ಮ ಕಡೆ ಟೇಬಲ್ ಸಾ ಅಂದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು. ಮೊದಲನೆಯದು ಅಂಗಡಿಯಿಂದ ತಂದ 10 ಇಂಚಿನ ಮಷೀನ್. ಕಾರ್ಬನ್ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ತಲುಪಿಸುವ ಪುಟ್ಟ ತುಂಡು) ಇರುವ 1500ರಿಂದ 2000 ವ್ಯಾಟ್ ಮೋಟರ್, ಮುಂದೆ ಹಸಿರು-ಕೆಂಪು ಗುಂಡಿಯ ಪುಟ್ಟ ಸ್ವಿಚ್ ಡಬ್ಬಿ. ಎರಡನೆಯದು ವರ್ಕ್‌ಶಾಪಿನಲ್ಲೇ ಆ್ಯಂಗಲ್ ಬೆಸೆದು ಮಾಡಿಸಿದ್ದು. ಅದಕ್ಕೆ 2 ಅಥವಾ 3 ಎಚ್‌ಪಿ ಮೋಟರ್, ಬೆಲ್ಟ್, ಗೋಡೆ ಮೇಲೆ ಡಿಒಎಲ್ ಸ್ಟಾರ್ಟರ್ (ಮೋಟರನ್ನು ನೇರ ಲೈನಿಗೆ ಸೇರಿಸುವ, ಆನ್-ಆಫ್ ಗುಂಡಿಯ ಡಬ್ಬಿ). ಮೂರನೆಯದು ಸೈಟಿನಲ್ಲಿ ಕಾಣುವುದು. ಪ್ಲೈವುಡ್ ಕೆಳಗೆ ಮಾರ್ಬಲ್ ಕಟರನ್ನು ತಲೆಕೆಳಗೆ ಬಿಗಿದು, ಟ್ರಿಗರ್‌ಗೆ ತಂತಿ ಕಟ್ಟಿದ್ದು. ಮೂರಕ್ಕೂ ರೋಗ ಬಹುಪಾಲು ಒಂದೇ, ಮೂರನೆಯದಕ್ಕೆ ಸ್ವಲ್ಪ ಜಾಸ್ತಿ.

ಮುಟ್ಟುವ ಮೊದಲು

ಪ್ಲಗ್ ಕಿತ್ತು ಹೊರಗಿಡಿ. ಗೋಡೆಯ ಸ್ವಿಚ್ ಆಫ್ ಮಾಡಿದ್ದೇನೆ ಅಂದರೆ ಸಾಲದು. ಎಷ್ಟೋ ಹಳೇ ವೈರಿಂಗ್‌ನಲ್ಲಿ ಸ್ವಿಚ್ ನ್ಯೂಟ್ರಲ್ ಮೇಲೆ ಇರುತ್ತದೆ. ಆಫ್ ಮಾಡಿದರೂ ಮಷೀನ್ ಒಳಗೆ ಫೇಸ್ ಹಾಗೇ ಇರುತ್ತದೆ. ಕಿತ್ತ ಪ್ಲಗ್ ನಿಮ್ಮ ಕಣ್ಣಿಗೆ ಕಾಣುವಂತಿರಲಿ, ಇನ್ಯಾರೋ ಬಂದು ಸಹಾಯ ಮಾಡಲು ಹೋಗಿ ಹಾಕಿಬಿಡಬಾರದು. ಪ್ಲಗ್ ಇಲ್ಲದೆ ನೇರ ವೈರಿಂಗ್ ಮಾಡಿದ ಮಷೀನ್ ಆದರೆ ಎಂಸಿಬಿ (ಮೇನ್ ಬೋರ್ಡಿನ ಬ್ರೇಕರ್ ಸ್ವಿಚ್) ಇಳಿಸಿ, ಅದರ ಮೇಲೆ ಟೇಪ್ ಹಚ್ಚಿ, ಅಲ್ಲಿರುವವರಿಗೆ ಹೇಳಿ. ಬ್ಲೇಡ್ ಪೂರ್ತಿ ನಿಂತ ಮೇಲೆ ಕೆಲಸ ಶುರು.

ಕಂಡೆನ್ಸರ್ (ಮೋಟರ್ ಶುರುವಾಗಲು ನೆರವಾಗುವ ಕೆಪಾಸಿಟರ್) ಇರುವ ಸಿಂಗಲ್ ಫೇಸ್ ಮೋಟರ್‌ಗೆ ಇನ್ನೊಂದು ಮಾತು. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ನಲ್ಲಿ ಚಾರ್ಜ್ ಉಳಿದಿರಬಹುದು. ಅದರ ಎರಡು ತುದಿಗೆ ಹೋಲ್ಡರ್ ವೈರಿನಿಂದ ಬಲ್ಬ್ ಹಿಡಿದು ಇಳಿಸಿ. ಎಲ್‌ಇಡಿ ಆಗುವುದಿಲ್ಲ, ಹಳೇ ತಂತಿ ಬಲ್ಬೇ ಬೇಕು. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವವರಿದ್ದಾರೆ. ಆ ಕಿಡಿ ಕಂಡೆನ್ಸರ್‌ಗೂ ಒಳ್ಳೆಯದಲ್ಲ, ಕಣ್ಣಿಗೂ ಅಲ್ಲ.

ಕೆಳಗಿನ ಮೀಟರ್ ಪರೀಕ್ಷೆಗಳಲ್ಲಿ ಸಾಕೆಟ್ ವೋಲ್ಟೇಜ್ ಬಿಟ್ಟು ಉಳಿದದ್ದೆಲ್ಲ ಕರೆಂಟ್ ಇಲ್ಲದೆ ಮಾಡುವಂಥವು. ಡಬ್ಬಿ ತೆರೆದು, ಕರೆಂಟ್ ಕೊಟ್ಟು ಅಳೆಯುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಲಕ್ಷಣ: ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ, ಸದ್ದೂ ಇಲ್ಲ

ಎಲ್ಲರೂ ಸ್ವಿಚ್ ಬಿಚ್ಚುವುದು ಈ ಲಕ್ಷಣಕ್ಕೇ. ಆದರೆ ಬಹಳ ಸಲ ಸ್ವಿಚ್ ಸರಿಯಾಗೇ ಇರುತ್ತದೆ.

ಮೊದಲು ಅದೇ ಸಾಕೆಟ್‌ಗೆ ಡ್ರಿಲ್ಲೋ ಟೇಬಲ್ ಫ್ಯಾನೋ ಹಾಕಿ ನೋಡಿ. ಅದೂ ಓಡದಿದ್ದರೆ ಎಂಸಿಬಿ, ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ನೋಡಿ. ಟೆಸ್ಟರ್ ಹಚ್ಚಿ "ಲೈಟ್ ಬರ್ತಿದೆ, ಕರೆಂಟ್ ಇದೆ" ಅನ್ನಬೇಡಿ. ಟೆಸ್ಟರ್ ಹೇಳುವುದು ಫೇಸ್ ಇದೆ ಅಂತ ಮಾತ್ರ. ನ್ಯೂಟ್ರಲ್ ಕಡಿದಿದ್ದರೆ ಟೆಸ್ಟರ್ ಉರಿಯುತ್ತದೆ, ಮಷೀನ್ ಓಡುವುದಿಲ್ಲ. ಆ ಸಾಕೆಟ್‌ಗೆ ಏನಾದರೂ ಉಪಕರಣ ಹಾಕಿ ಆನ್ ಮಾಡಿಟ್ಟಿದ್ದರೆ ಎರಡೂ ತೂತಿನಲ್ಲಿ ಉರಿಯಬಹುದು. ಹಾಗೆ ಕಂಡರೆ ನ್ಯೂಟ್ರಲ್ ಕಡಿದಿದೆ ಎಂದೇ ತಿಳಿಯಿರಿ. ಮಲ್ಟಿಮೀಟರ್ ಇದ್ದರೆ ಎರಡು ತೂತಿನ ನಡುವೆ 230ರ ಆಸುಪಾಸು ಬರಬೇಕು.

ಸೈಟಿನಲ್ಲಾದರೆ ಪ್ಲಗ್ಗೇ ಇರುವುದಿಲ್ಲ, ತಂತಿ ತುದಿ ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿರುತ್ತಾರೆ. ಅದು ಸಡಿಲವಾಗಿ ಒಳಗೇ ಕರಕಲಾಗಿರುತ್ತದೆ. ಅದನ್ನು ಪರೀಕ್ಷೆ ಮಾಡುತ್ತಾ ಕೂರಬೇಡಿ. 16 ಆಂಪ್‌ನ ಮೂರು ಪಿನ್ ಪ್ಲಗ್ ಹಾಕಿ, ಅರ್ತ್ ತಂತಿಯನ್ನೂ ಸೇರಿಸಿ, ಆಮೇಲೆ ಮುಂದುವರಿಯಿರಿ.

ಸಾಕೆಟ್ ಸರಿ ಇದೆಯಾ? ಹಾಗಾದರೆ ಎಕ್ಸ್‌ಟೆನ್ಷನ್ ಬಿಟ್ಟು ನೇರ ಗೋಡೆಗೆ ಹಾಕಿ ನೋಡಿ. ಆಮೇಲೆ ಮಷೀನ್ ಕಡೆ ಬನ್ನಿ. ಕೆಲವು ಸ್ವಿಚ್‌ಗಳಲ್ಲಿ ಹಳದಿ ಬಣ್ಣದ ಸೇಫ್ಟಿ ಕೀ ಇರುತ್ತದೆ, ಕಿತ್ತರೆ ಮಷೀನ್ ಶುರುವಾಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಯಾರೋ ತೆಗೆದಿಟ್ಟು ಮರೆತಿರುತ್ತಾರೆ. ಕೆಲವು ಸ್ವಿಚ್ ಮೇಲೆ ಕೆಂಪು ಮುಚ್ಚಳ ಇರುತ್ತದೆ, ಅದು ಒತ್ತಿಕೊಂಡೇ ಕೂತಿದ್ದರೆ ಹಸಿರು ಗುಂಡಿ ಕೆಲಸ ಮಾಡದು. ಮೋಟರ್ ಮೈ ಮೇಲೆ ಅಥವಾ ಸ್ವಿಚ್ ಪಕ್ಕ ಪುಟ್ಟ ರೀಸೆಟ್ ಗುಂಡಿ ಇದೆಯಾ ನೋಡಿ. ಮೋಟರ್ ಕಾದರೆ ಅದು ಹೊರಗೆ ನೆಗೆದಿರುತ್ತದೆ. ಹದಿನೈದು ನಿಮಿಷ ಆರಲು ಬಿಟ್ಟು ಒತ್ತಿ. ಆರದೆ ಅದು ಕೂರುವುದೇ ಇಲ್ಲ.

ಕಾರ್ಬನ್ ಮೋಟರ್ ಆಗಿದ್ದರೆ ಸ್ವಿಚ್‌ಗೆ ಮೊದಲು ಕಾರ್ಬನ್ ನೋಡಿ. ಪಕ್ಕದ ಎರಡು ಪ್ಲಾಸ್ಟಿಕ್ ಮುಚ್ಚಳ ತಿರುಗಿಸಿದರೆ ಹೊರಗೆ ಬರುತ್ತದೆ. ಸವೆದು 5-6 ಮಿಲಿಮೀಟರ್‌ಗಿಂತ ಕಡಿಮೆ ಉಳಿದಿದ್ದರೆ ಎರಡನ್ನೂ ಜೊತೆಗೇ ಬದಲಿಸಿ. ಕೆಲವು ದಿನದಿಂದ ತಟ್ಟಿದರೆ ಓಡುತ್ತಿತ್ತು, ಈಗ ತಟ್ಟಿದರೂ ಇಲ್ಲ ಅಂದರೆ ಅನುಮಾನ ಕಾರ್ಬನ್ ಮೇಲೇ ಇರಲಿ.

ಇಷ್ಟೆಲ್ಲ ಆದ ಮೇಲೆ ಸ್ವಿಚ್ ಡಬ್ಬಿ ಬಿಚ್ಚಿ. ಪ್ಲಗ್ ಹೊರಗಿದೆ ಅಲ್ವಾ? ತಂತಿಗಳ ಫೋಟೋ ತೆಗೆದುಕೊಳ್ಳಿ. ಒಳಗೆ ಮರದ ಹೊಟ್ಟು ತುಂಬಿದ್ದರೆ ಒಣ ಬ್ರಷ್ ಮತ್ತು ವ್ಯಾಕ್ಯೂಮ್ ಬಳಸಿ ತೆಗೆಯಿರಿ. ಬ್ಲೋವರ್ ಹೊಡೆಯಬೇಡಿ. ಗಾಳಿ ಹೊಟ್ಟನ್ನು ಹೊರಗೆ ಕಳಿಸುವುದಕ್ಕಿಂತ ಕಾಂಟ್ಯಾಕ್ಟ್ (ಸ್ವಿಚ್ ಒಳಗೆ ಒಂದಕ್ಕೊಂದು ತಾಗಿ ಕರೆಂಟ್ ಹಾಯಿಸುವ ಲೋಹದ ತುದಿ) ನಡುವೆ ತುರುಕುವುದೇ ಜಾಸ್ತಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪುಡಿಯಂತೂ ಹಿಟ್ಟಿನಷ್ಟು ನುಣ್ಣಗಿರುತ್ತದೆ, ಮುಚ್ಚಿದ ಸ್ವಿಚ್ ಒಳಗೂ ನುಗ್ಗುತ್ತದೆ. ದಿನವೂ ಕೆಲಸ ಮುಗಿದ ಮೇಲೆ ಮಷೀನಿಗೆಲ್ಲ ಬ್ಲೋವರ್ ಹೊಡೆಯುವ ಕಡೆ ಸ್ವಿಚ್ ಬೇಗ ಸಾಯುವುದಕ್ಕೆ ಇದೇ ಕಾರಣ.

ಕಳಚಿದ ಲಗ್ (ತಂತಿ ತುದಿಯ ಲೋಹದ ಕ್ಲಿಪ್), ಕರಗಿದ ಪ್ಲಾಸ್ಟಿಕ್, ಕಪ್ಪಾದ ಪಿನ್ ಕಂಡರೆ ಉತ್ತರ ಸಿಕ್ಕಿತು. ಏನೂ ಕಾಣದಿದ್ದರೆ ಮಲ್ಟಿಮೀಟರನ್ನು ಬೀಪ್ ಗುರುತಿಗೆ ಇಟ್ಟು, ಮೋಟರ್‌ಗೆ ಹೋಗುವ ತಂತಿ ಬಿಚ್ಚಿ, ಒಂದೇ ತಂತಿಯ ಒಳಬರುವ ಪಿನ್ ಮತ್ತು ಹೊರಹೋಗುವ ಪಿನ್ ಮೇಲೆ ಇಡಿ. ಹಸಿರು ಒತ್ತಿ ಹಿಡಿದಾಗ ಬೀಪ್ ಬರಬೇಕು, ಬಿಟ್ಟಾಗ ನಿಲ್ಲಬೇಕು. ಫೇಸ್‌ಗೂ ನ್ಯೂಟ್ರಲ್‌ಗೂ ಬೇರೆ ಬೇರೆ ನೋಡಿ. ಮೋಟರ್ ತಂತಿ ಬಿಚ್ಚದೆ ಅಳೆದರೆ ಮೋಟರ್ ಸುರುಳಿಯ ಮೂಲಕ ಸುತ್ತು ಹಾಕಿ ಬೀಪ್ ಬರಬಹುದು, ಕೆಟ್ಟ ಸ್ವಿಚ್ ಒಳ್ಳೆಯದು ಅನ್ನಿಸಬಹುದು. ಒತ್ತಿದರೂ ಬೀಪ್ ಇಲ್ಲ ಅಂದರೆ ಸ್ವಿಚ್ ಬದಲಿಸಲೇಬೇಕು.

ಲಕ್ಷಣ: ಬೆರಳು ಒತ್ತಿರುವಷ್ಟು ಹೊತ್ತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ

ಇದು ತುಂಬಾ ಸ್ಪಷ್ಟ ಲಕ್ಷಣ, ಸ್ವಿಚ್ ತಾನೇ ತನ್ನ ರೋಗ ಹೇಳುತ್ತಿರುತ್ತದೆ. ಟೇಬಲ್ ಸಾಗೆ ಹಾಕುವ ಹಸಿರು-ಕೆಂಪು ಸ್ವಿಚ್ ಬರೀ ಸ್ವಿಚ್ ಅಲ್ಲ. ಒಳಗೆ ಒಂದು ಕಾಯಿಲ್ ಇರುತ್ತದೆ. ಬೆರಳು ಒತ್ತಿದಾಗ ಕಾಂಟ್ಯಾಕ್ಟ್ ಕೂರುತ್ತದೆ. ಕರೆಂಟ್ ಇರುವವರೆಗೆ ಕಾಯಿಲ್ ಅದನ್ನು ಎಳೆದು ಹಿಡಿಯುತ್ತದೆ. ಕರೆಂಟ್ ಹೋದರೆ ಕೈಬಿಡುತ್ತದೆ. ಪಂಪ್‌ಸೆಟ್ ಸ್ಟಾರ್ಟರ್ ನೋಡಿದವರಿಗೆ ನೋ ವೋಲ್ಟ್ ಕಾಯಿಲ್ ಹೊಸದಲ್ಲ, ಇದೂ ಅದೇ. ಕೆಜೆಡಿ17 ಅಂತ ಬರೆದಿರುವ ಸ್ವಿಚ್ ಈ ಜಾತಿಯಲ್ಲಿ ಎಲ್ಲೆಲ್ಲೂ ಸಿಗುವಂಥದ್ದು.

ಬಿಟ್ಟಕೂಡಲೇ ನಿಂತರೆ ಕಾಯಿಲ್ ಹಿಡಿಯುತ್ತಿಲ್ಲ ಅಂತ ಅರ್ಥ. ಕಾರಣ ನಾಲ್ಕೇ: ವೋಲ್ಟೇಜ್ ಕಡಿಮೆ, ಕಾಯಿಲ್‌ಗೆ ಹೋಗುವ ತಂತಿ ಸಡಿಲ, ಕಾಯಿಲ್ ಮತ್ತು ಅದು ಎಳೆಯುವ ಕಬ್ಬಿಣದ ನಡುವೆ ಹೊಟ್ಟು, ಇಲ್ಲವೇ ಕಾಯಿಲ್ ಸುಟ್ಟಿದೆ. ಈ ಕ್ರಮದಲ್ಲೇ ನೋಡಿ.

ವೋಲ್ಟೇಜಿಗೆ ಸುಲಭ ಪರೀಕ್ಷೆ ಅಂದರೆ ಎಕ್ಸ್‌ಟೆನ್ಷನ್ ತೆಗೆಯುವುದು. ಲೆಕ್ಕ ನೋಡಿ. 1 ಚದರ ಮಿಲಿಮೀಟರ್ ತಾಮ್ರದ ವೈರ್, 30 ಮೀಟರ್ ಉದ್ದ. ಹೋಗಿ ಬರಲು 60 ಮೀಟರ್, ರೆಸಿಸ್ಟೆನ್ಸ್ ಸುಮಾರು 1.1 ಓಮ್. 10 ಆಂಪ್ ಎಳೆಯುವಾಗ 11 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ಅದು ಪರವಾಗಿಲ್ಲ. ಆದರೆ ಶುರುವಾಗುವ ಕ್ಷಣದಲ್ಲಿ ಮೋಟರ್ 40 ಆಂಪ್ ಎಳೆದರೆ 44 ವೋಲ್ಟ್ ಹೋಯಿತು. 230 ಇದ್ದದ್ದು 186ಕ್ಕೆ ಬಂತು. ಬೇಸಿಗೆ ಸಂಜೆ, ಲೈನಿನ ತುದಿಯ ಹಳ್ಳಿ, ಸಾಕೆಟ್‌ನಲ್ಲೇ 190 ಬರುತ್ತಿದ್ದರೆ ಕಾಯಿಲ್ ಹೇಗೆ ಹಿಡಿದೀತು? ಅದೇ ಉದ್ದಕ್ಕೆ 2.5 ಚದರ ಮಿಲಿಮೀಟರ್ ವೈರ್ ಹಾಕಿದರೆ ನಷ್ಟ ಅರ್ಧಕ್ಕಿಂತ ಕಡಿಮೆ. ಸುರುಳಿ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಹಾಸಿ, ಇಲ್ಲದಿದ್ದರೆ ಸುರುಳಿಯೊಳಗೆ ಬಿಸಿ ಕೂಡಿ ಇನ್ಸುಲೇಷನ್ ಮೆತ್ತಗಾಗುತ್ತದೆ.

ವೋಲ್ಟೇಜ್ ಸರಿ ಇದ್ದು, ಹೊಟ್ಟು ತೆಗೆದು, ಲಗ್ ಬಿಗಿ ಮಾಡಿದರೂ ಹಿಡಿಯದಿದ್ದರೆ ಕಾಯಿಲ್ ಎರಡು ತುದಿಗೆ ಓಮ್ ಮೀಟರ್ ಹಿಡಿಯಿರಿ. ಏನಾದರೊಂದು ಅಂಕಿ ಬರಬೇಕು. ಓಪನ್ ತೋರಿಸಿದರೆ ಕಾಯಿಲ್ ಸತ್ತಿದೆ. ಮುಚ್ಚಿದ ಸಣ್ಣ ಸ್ವಿಚ್‌ನಲ್ಲಿ ಕಾಯಿಲ್ ಮಾತ್ರ ಬದಲಿಸಲು ಬರುವುದಿಲ್ಲ, ಪೂರ್ತಿ ಸ್ವಿಚ್ಚೇ ಹೊಸದು. ಡಿಒಎಲ್ ಸ್ಟಾರ್ಟರ್ ಆದರೆ ಕಾಯಿಲ್ ಬೇರೆ ಸಿಗುತ್ತದೆ. ಸ್ಟಾರ್ಟರ್‌ನಲ್ಲಿ ಇನ್ನೊಂದು ಸಾಧ್ಯತೆಯೂ ಇದೆ. ಗುಂಡಿ ಬಿಟ್ಟ ಮೇಲೂ ಕಾಯಿಲ್‌ಗೆ ಕರೆಂಟ್ ಕೊಡುವ, 13-14 ಎಂದು ಗುರುತಿರುವ ಹೋಲ್ಡಿಂಗ್ ಕಾಂಟ್ಯಾಕ್ಟ್ ಕೂರದಿದ್ದರೂ ಇದೇ ಲಕ್ಷಣ ಬರುತ್ತದೆ.

ಕೆಲವರು ಗುಂಡಿ ಒತ್ತಿದ ಹಾಗೇ ಇರಲಿ ಅಂತ ಮರದ ಚಕ್ಕೆ ಸಿಕ್ಕಿಸುತ್ತಾರೆ. ಇದೂ ಡೈರೆಕ್ಟ್ ಕೊಟ್ಟ ಹಾಗೇ.

ಲಕ್ಷಣ: ಕುಯ್ಯುವ ನಡುವೆ ನಿಂತುಬಿಡುತ್ತದೆ

ಯಾವಾಗ ನಿಲ್ಲುತ್ತದೆ ಗಮನಿಸಿ. ದಪ್ಪ ಮರ ಒತ್ತಿದಾಗ ಮಾತ್ರ ನಿಂತರೆ ಮೋಟರ್‌ಗೆ ಭಾರ ಜಾಸ್ತಿಯಾಗಿದೆ. ಹಲ್ಲು ಮೊಂಡಾದ ಬ್ಲೇಡ್, ಹಸಿ ಮರ, ಅಥವಾ ಬ್ಲೇಡ್‌ಗೆ ಸಮಾಂತರವಾಗಿ ಇರದ ಫೆನ್ಸ್ (ಮರವನ್ನು ಒರಗಿಸಿ ತಳ್ಳುವ ಪಟ್ಟಿ) ಇದಕ್ಕೆ ಕಾರಣ. ಸ್ವಿಚ್ ಬದಲಿಸಿದರೆ ದುಡ್ಡು ದಂಡ. ಹತ್ತು ನಿಮಿಷ ಓಡಿದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಓಡಿದರೆ ಅದು ಬಿಸಿಯ ಕತೆ, ಓವರ್‌ಲೋಡ್ ರಿಲೇ (ಮೋಟರ್ ಹೆಚ್ಚು ಆಂಪ್ ಎಳೆದರೆ ಕರೆಂಟ್ ಕಡಿಯುವ ಭಾಗ) ಟ್ರಿಪ್ ಆಗುತ್ತಿದೆ. ಡಿಒಎಲ್ ಸ್ಟಾರ್ಟರ್‌ನ ಓವರ್‌ಲೋಡ್ ರಿಲೇ ತಿರುಪನ್ನು ಮೋಟರ್ ಪ್ಲೇಟ್ ಮೇಲಿನ ಆಂಪ್‌ಗೆ ಸರಿಯಾಗಿ ಇಡಬೇಕು. ಟ್ರಿಪ್ ಆಗುತ್ತಿದೆ ಅಂತ ಸುಮ್ನೆ ಮೇಲಕ್ಕೆ ತಿರುಗಿಸಿದರೆ ಮುಂದಿನ ಖರ್ಚು ರೀವೈಂಡಿಂಗ್ ಅಂಗಡಿಗೆ.

ಯಾವ ಲೆಕ್ಕಕ್ಕೂ ಸಿಗದೆ, ಮೇಜು ಅಲುಗಿದಾಗ ನಿಂತರೆ ಲಗ್ ಸಡಿಲ. ಪಕ್ಕದ ಮನೆಯ ಬೋರ್‌ವೆಲ್ ಶುರುವಾದಾಗ ನಿಂತರೆ ವೋಲ್ಟೇಜ್ ಕುಸಿದು ಕಾಯಿಲ್ ಕೈಬಿಟ್ಟಿದೆ. ಆಗ ಸ್ವಿಚ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ.

ನಡುವೆ ನಿಂತಾಗ ಮರವನ್ನು ಹಿಂದಕ್ಕೆ ಎಳೆಯಬೇಡಿ. ಮೊದಲು ಕೆಂಪು ಗುಂಡಿ, ಆಮೇಲೆ ಪ್ಲಗ್, ಆಮೇಲೆ ಮರ.

ಲಕ್ಷಣ: ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ತಕ್ಷಣ ಆಫ್ ಮಾಡಿ. ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ವೈಂಡಿಂಗ್ ಸುಡುತ್ತದೆ. ಗುಂಯ್ ಅಂದರೆ ಮೋಟರ್‌ಗೆ ಕರೆಂಟ್ ತಲುಪುತ್ತಿದೆ. ಸಿಂಗಲ್ ಫೇಸ್‌ನಲ್ಲಿ ಸ್ವಿಚ್ ಮೇಲಿನ ಅನುಮಾನ ಇಲ್ಲಿಗೆ ಕಡಿಮೆಯಾಗುತ್ತದೆ. ಪ್ಲಗ್ ಕಿತ್ತು, ಕೈಗವಸು ಹಾಕಿ, ಬ್ಲೇಡ್ ಕೈಯಲ್ಲಿ ತಿರುಗುತ್ತದಾ ನೋಡಿ. ಮರದ ಚೂರು ಸಿಕ್ಕಿರಬಹುದು. ಕೈಗವಸು ಈ ಪರೀಕ್ಷೆಗೆ ಮಾತ್ರ, ಓಡುವ ಬ್ಲೇಡ್ ಹತ್ತಿರ ಬೇಡ. ಸಲೀಸಾಗಿ ತಿರುಗಿದರೆ ಕಂಡೆನ್ಸರ್ ಅಥವಾ ಮೋಟರ್ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ (ಮೋಟರ್ ವೇಗ ಹಿಡಿದ ಮೇಲೆ ಶುರುವಿನ ಸುರುಳಿಯನ್ನು ಬಿಡಿಸುವುದು) ಕೆಟ್ಟಿರಬಹುದು. ಉಬ್ಬಿದ, ಎಣ್ಣೆ ಸೋರಿದ ಕಂಡೆನ್ಸರ್ ನೋಡಿದ ತಕ್ಷಣ ಗೊತ್ತಾಗುತ್ತದೆ.

ತ್ರೀ ಫೇಸ್ ಆದರೆ ಕತೆ ಬೇರೆ. ಒಂದು ಫೇಸ್ ಇಲ್ಲ ಅಂದರೂ ಗುಂಯ್ ಅನ್ನುತ್ತದೆ. ಫ್ಯೂಸ್ ಹೋಗಿರಬಹುದು, ಲೈನಿನಲ್ಲೇ ಒಂದು ಫೇಸ್ ಇಲ್ಲದಿರಬಹುದು, ಸ್ಟಾರ್ಟರ್‌ನ ಮೂರು ಕಾಂಟ್ಯಾಕ್ಟ್‌ನಲ್ಲಿ ಒಂದು ಸುಟ್ಟಿರಬಹುದು. 415 ವೋಲ್ಟ್ ಇರುವ ಜಾಗ ಅದು. ಇಲ್ಲಿಂದ ಮುಂದೆ ಎಲೆಕ್ಟ್ರಿಷಿಯನ್.

ಲಕ್ಷಣ: ಕೆಂಪು ಒತ್ತಿದರೂ ನಿಲ್ಲುವುದಿಲ್ಲ

ಇಡೀ ಪಟ್ಟಿಯಲ್ಲಿ ಅತಿ ಕೆಟ್ಟ ಲಕ್ಷಣ ಇದು. ಮರದಿಂದ ಕೈ ತೆಗೆದು, ಬ್ಲೇಡ್‌ನ ನೇರ ಬಿಟ್ಟು ಪಕ್ಕಕ್ಕೆ ಸರಿದು, ಪ್ಲಗ್ ಕಿತ್ತುಬಿಡಿ ಅಥವಾ ಎಂಸಿಬಿ ಇಳಿಸಿ. ಪಕ್ಕದಿಂದ ಮರ ಒತ್ತಿ ಬ್ಲೇಡ್ ನಿಲ್ಲಿಸಲು ಹೋಗಬೇಡಿ.

ಆಮೇಲೆ ಕಾರಣ ಹುಡುಕಿ. ಹೊಟ್ಟು ಸಿಕ್ಕಿ ಗುಂಡಿ ಅಲ್ಲೇ ಕೂತಿದ್ದರೆ ಸ್ವಚ್ಛ ಮಾಡಿದರೆ ಸರಿಹೋಗಬಹುದು. ಗುಂಡಿ ಸಲೀಸಾಗಿ ಆಡಿದರೂ ಮೀಟರ್ ಬೀಪ್ ನಿಲ್ಲದಿದ್ದರೆ ಕಾಂಟ್ಯಾಕ್ಟ್ ಎರಡೂ ಬೆಸೆದುಕೊಂಡಿವೆ. ತಾಕತ್ತು ಸಾಲದ ಸ್ವಿಚ್ ಹಾಕಿದ್ದರೆ ಹೀಗಾಗುತ್ತದೆ. ಮನೆಯ ಬೋರ್ಡಿಗೆ ಹಾಕುವ ಸ್ವಿಚ್ಚನ್ನು ಟೇಬಲ್ ಸಾಗೆ ಸಿಕ್ಕಿಸಿದ ಕಡೆ ಇದು ಬೇಗ ಬರುತ್ತದೆ. ಗುಂಡಿಯನ್ನು ಮತ್ತೆ ಮತ್ತೆ ಆನ್-ಆಫ್ ಮಾಡುವ ಅಭ್ಯಾಸವೂ ಕಾರಣ, ಪ್ರತಿ ಸಲ ಶುರುವಾಗುವಾಗ ಹೆಚ್ಚಿನ ಆಂಪ್ ಅದೇ ಕಾಂಟ್ಯಾಕ್ಟ್ ಮೇಲೆ ಹಾಯುತ್ತದೆ.

ಬೆಸೆದ ಕಾಂಟ್ಯಾಕ್ಟ್ ಬಿಡಿಸಿ, ಸ್ಯಾಂಡ್ ಪೇಪರ್ ಉಜ್ಜಿ ಮತ್ತೆ ಹಾಕುವವರಿದ್ದಾರೆ. ಮೇಲಿನ ಬೆಳ್ಳಿಯ ಪದರ ಹೋದ ಮೇಲೆ ಅದು ಇನ್ನೂ ಬೇಗ ಬೆಸೆಯುತ್ತದೆ. ನಿಲ್ಲದ ಸ್ವಿಚ್‌ಗೆ ರಿಪೇರಿ ಇಲ್ಲ. ಕಸದ ಬುಟ್ಟಿಗೆ ಹಾಕಿ, ಅದೂ ಇನ್ಯಾರೂ ಎತ್ತಿಕೊಳ್ಳದಂತೆ ಪಿನ್ ಮುರಿದು.

ಲಕ್ಷಣ: ಕರೆಂಟ್ ಬಂದ ಕೂಡಲೇ ತಾನಾಗಿ ತಿರುಗುತ್ತದೆ

ಕರೆಂಟ್ ಹೋಯಿತು, ಟೀ ಕುಡಿಯಲು ಹೋದಿರಿ. ಹುಡುಗ ಬ್ಲೇಡ್ ಪಕ್ಕ ಹೊಟ್ಟು ತೆಗೆಯುತ್ತಿದ್ದಾನೆ, ಕರೆಂಟ್ ಬಂತು. ಇದನ್ನು ಯಾರೂ ದೋಷ ಅಂತ ಹೇಳಿಕೊಂಡು ಬರುವುದಿಲ್ಲ, ಯಾಕೆಂದರೆ ಮಷೀನ್ ಚೆನ್ನಾಗೇ ಓಡುತ್ತಿರುತ್ತದೆ. ಆದರೆ ಇದೂ ಸ್ವಿಚ್ ದೋಷವೇ. ಯಾವಾಗಲೋ ಕೆಟ್ಟ ನೋ ವೋಲ್ಟ್ ಸ್ವಿಚ್ ತೆಗೆದು ಸಾದಾ ಸ್ವಿಚ್ ಹಾಕಿರುತ್ತಾರೆ.

ತಲೆಕೆಳಗಾದ ಮಾರ್ಬಲ್ ಕಟರ್ ಬಗ್ಗೆ ಇಲ್ಲೇ ಹೇಳಬೇಕು. ಆ ಮಷೀನ್ ಕೈಯಲ್ಲಿ ಹಿಡಿದು ಬಳಸಲು ಮಾಡಿದ್ದು, ಕೈಬಿಟ್ಟರೆ ನಿಲ್ಲುವುದೇ ಅದರ ರಕ್ಷಣೆ. ಟ್ರಿಗರ್ ಕಟ್ಟಿದಾಗ ಆ ರಕ್ಷಣೆ ಹೋಯಿತು. ಮೇಲಾಗಿ ಹೊಟ್ಟೆಲ್ಲ ಕೆಳಗೆ ಬಿದ್ದು ನೇರ ಟ್ರಿಗರ್ ಸ್ವಿಚ್‌ಗೆ ಹೋಗುತ್ತದೆ, ಹಾಗಾಗಿ ಟ್ರಿಗರ್ ಪದೇ ಪದೇ ಕೆಡುತ್ತದೆ. ಕಾವಲಿಲ್ಲದ ಬ್ಲೇಡ್, ಅಳತೆ ಮೀರಿದ ವೇಗ, ಇವೆಲ್ಲ ಬೇರೆ. ನನ್ನ ಮಾತು ಕೇಳುವುದಾದರೆ ಅಂಥ ಮೇಜು ಬೇಡ. ಸೈಟಿನಲ್ಲಿ ಅದೇ ಇದೆ, ಬೇರೆ ದಾರಿ ಇಲ್ಲ ಅನ್ನುವವರು ಕನಿಷ್ಠ ಇಷ್ಟು ಮಾಡಿಸಿ: ಮೇಜಿನ ಮುಂಗಾಲಿಗೆ ಒಂದು ನೋ ವೋಲ್ಟ್ ಸ್ವಿಚ್ ಡಬ್ಬಿ, ಅದರಿಂದ ಹೊರಡುವ ಸಾಕೆಟ್, ಕಟರಿನ ಪ್ಲಗ್ ಆ ಸಾಕೆಟ್‌ಗೆ. ತೊಡೆಯಿಂದ ತಳ್ಳಿದರೂ ನಿಲ್ಲುವಂಥ ದೊಡ್ಡ ಕೆಂಪು ಮುಚ್ಚಳದ್ದಾದರೆ ಇನ್ನೂ ಒಳ್ಳೆಯದು. ಎರಡು ಕೈಯೂ ಮರದ ಮೇಲಿರುವಾಗ ಬೇಕಾಗುವುದು ಅದೇ.

ಲಕ್ಷಣ: ಸ್ವಿಚ್ ಬಿಸಿ, ಸುಟ್ಟ ವಾಸನೆ, ಕಟಕಟ ಸದ್ದು, ಮೈ ಮುಟ್ಟಿದರೆ ಜುಮ್

ಬಿಸಿಯೂ ವಾಸನೆಯೂ ಬಹುಪಾಲು ಸಡಿಲ ಲಗ್‌ನಿಂದ. ಲಗ್ ಕಪ್ಪಾಗಿದ್ದರೆ ಬಿಗಿ ಮಾಡಿದರೆ ಸಾಲದು, ತಂತಿ ತುದಿ ಕತ್ತರಿಸಿ ಹೊಸ ಲಗ್ ಕ್ರಿಂಪ್ ಮಾಡಿ. ಸ್ಟಾರ್ಟರ್ ಕಟಕಟ ಅಂದರೆ ವೋಲ್ಟೇಜ್ ಕಡಿಮೆ ಅಥವಾ ಕಾಂಟ್ಯಾಕ್ಟರ್ (ಸ್ಟಾರ್ಟರಿನಲ್ಲಿ ಕಾಯಿಲ್ ಎಳೆಯುವ ಸ್ವಿಚ್) ಒಳಗೆ ಹೊಟ್ಟು. ಹಾಗೇ ಓಡಿಸಿದರೆ ಕಾಂಟ್ಯಾಕ್ಟ್ ಬೆಸೆಯುತ್ತದೆ. ಮರದ ಪುಡಿ ತುಂಬಿದ ಡಬ್ಬಿಯಲ್ಲಿ ಕಿಡಿ ಅಂದರೆ ಬೆಂಕಿಗೆ ದಾರಿ ಅನ್ನುವುದನ್ನೂ ಮರೆಯಬೇಡಿ.

ಮೇಜು ಮುಟ್ಟಿದಾಗ ಜುಮ್ ಅಂದರೆ ಅಲ್ಲಿಗೆ ನಿಲ್ಲಿಸಿ. ಚಪ್ಪಲಿ ಹಾಕಿಕೊಂಡು ಮುಂದುವರಿಸುವುದು ಪರಿಹಾರವಲ್ಲ. ಎಲ್ಲೋ ಫೇಸ್ ಮೈಗೆ ತಾಗುತ್ತಿದೆ, ಅರ್ತ್ ಇಲ್ಲ. ಇಎಲ್‌ಸಿಬಿ ಪದೇ ಪದೇ ಬೀಳುವುದೂ ಇದೇ ಸುದ್ದಿ. 30 ಮಿಲಿಆಂಪ್‌ನ ಇಎಲ್‌ಸಿಬಿ ಬೀಳುತ್ತಿದೆ ಅಂತ ಅದನ್ನು ತೆಗೆಸುವುದು ಬೇಡ, ಎಲೆಕ್ಟ್ರಿಷಿಯನ್ ಬಂದು ಮೆಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ ಸೋರಿಕೆ ಹುಡುಕಲಿ.

ಹೊಸ ಸ್ವಿಚ್ ತರುವಾಗ, ಹಾಕಿದ ಮೇಲೆ

ಹಳೇ ಸ್ವಿಚ್ಚನ್ನೇ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಹತ್ತಾರು ಬಗೆ ತೋರಿಸುತ್ತಾರೆ. ಕಣ್ಣಳತೆಗೆ ಎಲ್ಲವೂ ಒಂದೇ ಥರ ಇರುತ್ತವೆ. ನೋಡಬೇಕಾದ್ದು ಪಿನ್‌ಗಳ ಸಂಖ್ಯೆ ಮತ್ತು ಜಾಗ, ಡಬ್ಬಿಯಲ್ಲಿ ಕೂರುವ ಅಳತೆ, ಕಾಯಿಲ್ ವೋಲ್ಟೇಜ್. 110 ವೋಲ್ಟ್ ಕಾಯಿಲ್‌ನದೂ ಮಾರುಕಟ್ಟೆಯಲ್ಲಿದೆ, ಅದನ್ನು 230ಕ್ಕೆ ಹಾಕಿದರೆ ಸುಟ್ಟಿತು ಎಂದೇ ಲೆಕ್ಕ. ಇನ್ನು ಆಂಪ್. 16(8) ಅಂತ ಬರೆದಿದ್ದರೆ ಮೋಟರ್‌ಗೆ ಅನ್ವಯವಾಗುವುದು ಕಂಸದೊಳಗಿನ 8, ಹೊರಗಿನ 16 ಅಲ್ಲ. 1800 ವ್ಯಾಟ್ ಮಷೀನ್ ಸುಮಾರು 8 ಆಂಪ್ ಎಳೆಯುತ್ತದೆ, ಹಾಗಾಗಿ ಅದು ಅಂಚಿಗೆ ಬಂತು. ಕಂಸದಲ್ಲಿ 10 ಅಥವಾ 12 ಇರುವುದು ಹುಡುಕಿ. ಇದರ ಬೆಲೆ ಕೆಲವು ನೂರು ರೂಪಾಯಿ ಅಷ್ಟೇ, ಚೌಕಾಸಿ ಮಾಡುವ ಜಾಗ ಇದಲ್ಲ.

ತೆಗೆದಿಟ್ಟ ಫೋಟೋ ನೋಡಿಕೊಂಡು ಒಂದೊಂದೇ ತಂತಿ ಹಳೇ ಸ್ವಿಚ್‌ನಿಂದ ಹೊಸದಕ್ಕೆ ಸಾಗಿಸಿ. ಪಿನ್ ಗುರುತು ಹೊಂದದಿದ್ದರೆ, ಕಾಯಿಲ್‌ಗೆ ಯಾವ ತಂತಿ ಅಂತ ಗೊತ್ತಾಗದಿದ್ದರೆ ಊಹೆ ಮಾಡಬೇಡಿ, ಅಲ್ಲಿಗೆ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಯಿರಿ. ಡಬ್ಬಿಯ ರಬ್ಬರ್ ವಾಷರ್ ಬಿಡಬೇಡಿ, ಹೊಟ್ಟು ತಡೆಯುವುದು ಅದೇ. ವಾರಂಟಿ ಇರುವ ಮಷೀನ್ ಆದರೆ ಡಬ್ಬಿ ಬಿಚ್ಚುವ ಮೊದಲೇ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ.

ಎಲ್ಲ ಮುಚ್ಚಿ, ಮೇಜಿನ ಮೇಲೆ ಮರ ಇಡದೆ, ಪಕ್ಕ ನಿಂತು ಆನ್ ಮಾಡಿ. ಕೆಂಪು ಒತ್ತಿದರೆ ನಿಲ್ಲುತ್ತದಾ? ಮತ್ತೆ ಆನ್ ಮಾಡಿ, ಓಡುತ್ತಿರುವಾಗಲೇ ಗೋಡೆಯ ಸ್ವಿಚ್ ಆಫ್ ಮಾಡಿ. ಬ್ಲೇಡ್ ಪೂರ್ತಿ ನಿಂತ ಮೇಲೆ ಗೋಡೆಯ ಸ್ವಿಚ್ ಆನ್ ಮಾಡಿ. ಮಷೀನ್ ಸುಮ್ಮನಿರಬೇಕು. ತಾನಾಗಿ ತಿರುಗಿದರೆ ನೀವು ತಂದದ್ದು ನೋ ವೋಲ್ಟ್ ಸ್ವಿಚ್ ಅಲ್ಲ, ಅಥವಾ ಕಾಯಿಲ್ ತಂತಿ ತಪ್ಪು ಕಡೆ ಕೂತಿದೆ. ಪ್ಲಗ್ ಕಿತ್ತು ಮತ್ತೆ ಡಬ್ಬಿ ಬಿಚ್ಚಿ.